ಪೆಟ್ಟಿಗೆ ನಮ್ಮದೋ, ಅವರದೋ?

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದರು ಹಿರಿಯರು. ಪುತ್ತೂರು, ಸುಳ್ಯ, ಕಡಬದ ಕಡೆಯವರಾದ ನಾವು ಈಗ ಅದಕ್ಕೆ "ಇಂಟರ್‌ನೆಟ್ ಹಾಕಿಸಿ ನೋಡು" ಎಂದು ಸೇರಿಸಬಹುದು. ಹಾಕಿಸುವವನಿಗೆ ಮೊದಲು ಎದುರಾಗುವ ಪ್ರಶ್ನೆಯಿದು: ಕಂಪೆನಿಯವರು ಕೊಡುವ ಪೆಟ್ಟಿಗೆಯೇ ಸಾಕೇ, ಇಲ್ಲವೆ ಸ್ವಂತ ವೈಫೈ ರೂಟರನ್ನು ಕೊಳ್ಳಬೇಕೇ? ವಿಷಯ ಸಣ್ಣದೆಂದು ವಾಚಕರು ನಗಬಾರದು. 2020–21ರ ಕೊರೋನ ದಿನಗಳಲ್ಲಿ ಪಾಠ ಕೇಳಲು ಕೊಡೆ ಹಿಡಿದು ಗುಡ್ಡ ಹತ್ತಿದವರಲ್ಲಿ ನಾನೂ ಒಬ್ಬ. ಮನೆಯೊಳಗೆ ಕುಳಿತು ಪಾಠ ಕೇಳುವುದರ ಬೆಲೆ ನಮಗೆ ಗೊತ್ತು.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ಪೆಟ್ಟಿಗೆ ಒಂದೇ ಆಗಿ ಕಂಡರೂ ಅದರ ಕೆಲಸ ಎರಡು. ಗಾಜಿನ ಎಳೆಯಲ್ಲಿ ಬರುವ ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವುದು ಒಂದು. ಇದು ಓಎನ್‌ಟಿಯ ಕೆಲಸ. ಆ ಸಂಕೇತವನ್ನು ರೇಡಿಯೋ ಅಲೆಗಳ ಮೂಲಕ ಮನೆಯವರಿಗೆಲ್ಲ ಹಂಚುವುದು ಇನ್ನೊಂದು; ಇದು ರೂಟರಿನ ಕೆಲಸ. ಮೊದಲನೆಯದನ್ನು ಕಂಪೆನಿಯವರು ತಮ್ಮ ಕೇಂದ್ರದಲ್ಲಿ ನೋಂದಾಯಿಸದೆ ಅದು ನಡೆಯದು. ಆದ್ದರಿಂದ ಅದು ಅವರದೇ ಆಗಿರಲಿ. ನನ್ನ ವಾದವೇನಿದ್ದರೂ ಎರಡನೆಯದರ ಬಗ್ಗೆ.

ನಮ್ಮದು ಮುರಕಲ್ಲಿನ ಹಳೆಯ ಮನೆ. ಚಾವಡಿಯಲ್ಲಿಟ್ಟ ಕಂಪೆನಿಯ ಪೆಟ್ಟಿಗೆಯ ಅಲೆ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತಿತ್ತು. 5 ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು, ಆದರೆ ಗೋಡೆಯೆದುರು ಅದು ಬೇಗ ಸೋಲುತ್ತದೆ, 2.4 ಗಿಗಾಹರ್ಟ್ಸಿನದು ನಿಧಾನವಾದರೂ ದೂರ ಸಾಗುತ್ತದೆ. ಮಹಡಿಯಲ್ಲಿ ಓದುವ ತಂಗಿಗೆ ಎರಡೂ ದಕ್ಕಲಿಲ್ಲ. ಕೊನೆಗೆ ಅಡಿಕೆ ಮಾರಿದ ಹಣದಲ್ಲಿ ಒಂದು ರೂಟರನ್ನು ಕೊಂಡು, ತಂತಿ ಎಳೆದು, ಮನೆಯ ನಡುವೆ ಇಟ್ಟೆವು. ತಂಗಿಯ ದೂರು ನಿಂತಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಕಳೆದ ಮೇ ತಿಂಗಳ ಒಂದು ಸಂಜೆ ಸಿಡಿಲು ಬಡಿದು ಎರಡೂ ಪೆಟ್ಟಿಗೆಗಳು ಸುಟ್ಟವು. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ, ನಿಜ. ಆದರೆ ಕರೆಂಟಿನ ತಂತಿ ಒಯ್ಯುತ್ತದೆ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋಗುವ ತಾಮ್ರದ ತಂತಿಯೂ ಒಯ್ಯುತ್ತದೆ. ಲೈನಿನವರು ತಮ್ಮದನ್ನು ನಾಲ್ಕು ದಿನಗಳಲ್ಲಿ ಬದಲಿಸಿಕೊಟ್ಟರು. ನಮ್ಮದನ್ನು ತೋರಿಸಿದಾಗ, "ಅದು ನಿಮ್ಮದಲ್ಲವೇ ಮಾರಾಯ್ರೇ?" ಎಂದು ನಕ್ಕರು. ಅಪ್ಪ ನನ್ನ ಮುಖ ನೋಡಿದರು. ಆ ನೋಟದ ಅರ್ಥ ನನಗೆ ಆಗದೆ ಇರಲಿಲ್ಲ.

ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ವಿದ್ಯುತ್ ಮೀಟರಿನವರೆಗೆ ಸರಬರಾಜು ಮಾಡುವವರ ಹೊಣೆ. ಒಳಗಿನ ವಯರಿಂಗು ನಮ್ಮದು. ಯಾವ ಕೋಣೆಯಲ್ಲಿ ದೀಪ ಉರಿಯಬೇಕೆಂದು ಅವರನ್ನು ಕೇಳುತ್ತೇವೆಯೇ? ಜಾಲಕ್ಕೆ ಹಾನಿಯಾಗದಿದ್ದರೆ ಗ್ರಾಹಕನು ತನ್ನ ಉಪಕರಣವನ್ನು ಟೆಲಿಫೋನ್ ತಂತಿಗೆ ಜೋಡಿಸಬಹುದೆಂದು ಅಮೆರಿಕದ ಸಂಪರ್ಕ ಆಯೋಗವು 1968ರಲ್ಲಿಯೇ ಕಾರ್ಟರ್‌ಫೋನ್ ಪ್ರಕರಣದಲ್ಲಿ ತೀರ್ಮಾನಿಸಿತು. ಜರ್ಮನಿಯಲ್ಲಿ 2016ರ ಆಗಸ್ಟ್‌ನಿಂದ ರೂಟರನ್ನು ಆರಿಸಿಕೊಳ್ಳುವ ಹಕ್ಕನ್ನು ಕಾನೂನೇ ಕೊಟ್ಟಿದೆ. ಸ್ವಂತ ರೂಟರಿನ ಗುಪ್ತಪದ ನಮ್ಮ ಕೈಯಲ್ಲಿರುತ್ತದೆ. ಕಂಪೆನಿ ಬದಲಾಯಿಸಿದರೂ ರೂಟರು ಉಳಿಯುತ್ತದೆ.

ಎಲ್ಲರೂ ಕೊಳ್ಳಲೇಬೇಕೆಂದು ನಾನು ಹೇಳುವುದಿಲ್ಲ. ಎರಡು ಕೋಣೆಯ ಮನೆಗೆ ಅವರದೇ ಸಾಕು. ದೊಡ್ಡ ಮನೆ, ದಪ್ಪ ಗೋಡೆ, ಓದುವ ಮಕ್ಕಳು ಇದ್ದಲ್ಲಿ ಸ್ವಂತದ್ದೇ ಲೇಸು. ಆದರೆ ಹಕ್ಕಿನೊಡನೆ ಹೊಣೆಯೂ ಬರುತ್ತದೆಂಬುದನ್ನು ಮರೆಯಬಾರದು. ಸ್ವಂತ ಎತ್ತನ್ನು ಮಳೆ ಬರುವ ಮೊದಲೇ ಹಟ್ಟಿಗೆ ಕಟ್ಟುವವನೇ ರೈತ. ದೂರದಲ್ಲಿ ಗುಡುಗಿದೊಡನೆ ಎರಡೂ ಪೆಟ್ಟಿಗೆಗಳ ಪ್ಲಗ್ಗು ಕೀಳಬೇಕು, ನಡುವಣ ತಂತಿಯನ್ನೂ ಬಿಚ್ಚಬೇಕು. ನಮ್ಮ ಮನೆಯಲ್ಲಿ ಈಗ ಆ ಕೆಲಸ ಅಪ್ಪನದು. ಎರಡನೆಯ ರೂಟರಿಗೆ ಹಣ ಕೊಟ್ಟವರೂ ಅವರೇ.