ಎಲುಬಿನೊಳಗಿನ ಒರತೆ

ಸೊರಗಿದ ದೇಹವನ್ನು ಕಂಡು ‘ಎಲುಬಿನ ಹಂದರ’ ಎನ್ನುವುದು ವಾಡಿಕೆ. ಎಲುಬೆಂದರೆ ದೇಹವನ್ನು ಎತ್ತಿ ನಿಲ್ಲಿಸಿದ ಒಣ ಕಂಬವೆಂಬ ಭಾವನೆ ಈ ಮಾತಿನಲ್ಲಿ ಅಡಗಿದೆ. ವಾಸ್ತವವಾಗಿ ಎಲುಬಿನ ಒಳಗಿರುವ ಮೃದುವಾದ ಮಜ್ಜೆಯೇ ರಕ್ತದ ತವರು. ಈ ಸಂಗತಿಯನ್ನು 1868ರಲ್ಲಿ ಜರ್ಮನಿಯ ನಾಯ್ಮನ್ ಹಾಗೂ ಇಟಲಿಯ ಬಿಜೊಜೆರೊ ಎಂಬ ವಿಜ್ಞಾನಿಗಳು ಪ್ರತ್ಯೇಕವಾಗಿ ಪ್ರಕಟಿಸಿದರು.

ಬೆಳೆದವರಲ್ಲಿ ಬೆನ್ನೆಲುಬು, ಪಕ್ಕೆಲುಬು, ಎದೆಯೆಲುಬು, ಸೊಂಟದ ಎಲುಬು ಮೊದಲಾದವುಗಳ ಕೆಂಪು ಮಜ್ಜೆಯಲ್ಲಿ ಆಕರಕೋಶಗಳಿವೆ. ಅವು ವಿಭಜನೆಗೊಂಡಾಗ ಕೆಲವು ಆಕರಕೋಶಗಳಾಗಿಯೇ ನಿಲ್ಲುತ್ತವೆ. ಉಳಿದವು ಹಂತಹಂತವಾಗಿ ಮಾರ್ಪಟ್ಟು, ಆಮ್ಲಜನಕವನ್ನು ಹೊರುವ ಕೆಂಪುಕಣಗಳೂ ರೋಗಾಣುಗಳೊಡನೆ ಹೋರಾಡುವ ಬಿಳಿಕಣಗಳೂ ಗಾಯದಿಂದ ಹರಿಯುವ ರಕ್ತವನ್ನು ತಡೆಯುವ ಕಿರುತಟ್ಟೆಗಳೂ ಆಗುತ್ತವೆ. ಬಿತ್ತನೆಯ ಬೀಜವನ್ನು ಕಾದಿರಿಸಿ ಮಿಕ್ಕ ಬೆಳೆಯನ್ನು ಉಣ್ಣುವ ರೈತನ ವಿವೇಕವೇ ಇಲ್ಲಿಯೂ ಇದೆ. ಕೆಂಪುಕಣದ ಆಯುಷ್ಯ ಸುಮಾರು 120 ದಿನ. ಕಿರುತಟ್ಟೆಯದು ಎಂಟು ಹತ್ತು ದಿನ. ಬಿಳಿಕಣಗಳಲ್ಲಿ ಅನೇಕವು ಒಂದೆರಡು ದಿನಗಳಲ್ಲಿಯೇ ಅಳಿಯುತ್ತವೆ. ಈ ನಷ್ಟವನ್ನು ತುಂಬುವ ಮಜ್ಜೆಯು ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪುಕಣಗಳನ್ನು ಸೃಷ್ಟಿಸುತ್ತದೆ.

ಈ ಒರತೆಯೇ ಕೆಟ್ಟರೆ ಬದುಕು ನಿಲ್ಲದು. ರಕ್ತದ ಕ್ಯಾನ್ಸರ್, ತಲಸ್ಸೇಮಿಯಾ ಮೊದಲಾದ ರೋಗಗಳಿಂದ ನರಳುವ ಅನೇಕರನ್ನು ಇತರರ ಆಕರಕೋಶಗಳ ಕಸಿಯಿಂದ ಉಳಿಸಲಾಗಿದೆ. ಭಾರತದಲ್ಲಿ ಈ ಚಿಕಿತ್ಸೆಯು 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಆರಂಭವಾಯಿತು. ಆದರೆ ಕೊಡುವವರ ಹಾಗೂ ಪಡೆಯುವವರ ಅಂಗಾಂಶಗಳು ಪರಸ್ಪರ ಹೊಂದಬೇಕು. ಒಡಹುಟ್ಟಿದ ಒಬ್ಬರಲ್ಲಿ ಪೂರ್ಣ ಹೊಂದಿಕೆ ದೊರೆಯುವ ಸಂಭವ ನಾಲ್ಕರಲ್ಲಿ ಒಂದು ಮಾತ್ರ. ಅದು ದೊರೆಯದ ಅನೇಕರು ಅಪರಿಚಿತ ದಾನಿಗಳತ್ತ ನೋಡಬೇಕಾಗುತ್ತದೆ. ಒಂದೇ ಮೂಲದ ಜನರಲ್ಲಿ ಹೊಂದಿಕೆಯ ಸಂಭವ ಹೆಚ್ಚು. ಆದುದರಿಂದ ಭಾರತೀಯ ರೋಗಿಗೆ ಭಾರತೀಯ ದಾನಿಗಳೇ ದೊಡ್ಡ ಆಸರೆ.

‘ಮಜ್ಜೆ ಕೊಟ್ಟರೆ ಎಲುಬು ಟೊಳ್ಳಾದೀತು’ ಎಂದು ಹಿಂಜರಿಯುವವರುಂಟು. ಈ ಭಯಕ್ಕೆ ಆಧಾರವಿಲ್ಲ. ದಾನಿಗೆ ಕೆಲವು ದಿನ ಚುಚ್ಚುಮದ್ದು ಕೊಟ್ಟರೆ ಆಕರಕೋಶಗಳು ರಕ್ತಕ್ಕೆ ಇಳಿದುಬರುತ್ತವೆ. ತೋಳಿನಿಂದ ಪಡೆದ ರಕ್ತದಲ್ಲಿ ಅವನ್ನು ಬೇರ್ಪಡಿಸಿ ಮಿಕ್ಕುದನ್ನು ದಾನಿಗೇ ಮರಳಿಸುವ ಕ್ರಮವೇ ಇಂದು ಹೆಚ್ಚು ರೂಢಿಯಲ್ಲಿದೆ. ಕೆಲವು ದಿನ ಮೈಕೈ ನೋವು ಬರುವುದುಂಟು. ಅದನ್ನು ಮರೆಮಾಚುವುದು ಸಲ್ಲದು. ದಾನಿಯ ಆರೋಗ್ಯವನ್ನು ವೈದ್ಯರು ಮೊದಲೇ ಪರೀಕ್ಷಿಸುತ್ತಾರೆ. ಕೊಟ್ಟುದು ಕೆಲವೇ ವಾರಗಳಲ್ಲಿ ಮತ್ತೆ ತುಂಬಿಬರುತ್ತದೆ. ಸೇದಿದಷ್ಟೂ ನೀರೂರುವ ಬಾವಿಯಂತೆ ಮಜ್ಜೆಯೂ ಬತ್ತದು.

ಧನವನ್ನಾಗಲಿ ಧಾನ್ಯವನ್ನಾಗಲಿ ಕೊಟ್ಟವನಲ್ಲಿ ಅಷ್ಟು ಕಡಿಮೆಯಾಗುತ್ತದೆ. ಕೊಟ್ಟವನಲ್ಲಿ ಮತ್ತೆ ತುಂಬುವ ಈ ದಾನಕ್ಕೆ ಹಿಂಜರಿಯುವುದು ಅಜ್ಞಾನದ ಫಲ. ಹದಿನೆಂಟು ವರ್ಷ ತುಂಬಿದ ಆರೋಗ್ಯವಂತರು ದಾನಿಗಳ ಪಟ್ಟಿಯಲ್ಲಿ ಹೆಸರು ಬರೆಸಬಹುದು. ಆ ವಯಸ್ಸು ಬರುವ ಮೊದಲೇ ಭಯವನ್ನು ನೀಗಿಸುವ ಹೊಣೆ ಶಾಲೆಯದು.