ಧ್ವನಿಯ ಗುರುತು, ಮನೆಯ ಎಚ್ಚರ

ಬಸವಸಾಗರದ ದಂಡೆಯ ನಾರಾಯಣಪುರದಂತಹ ಊರುಗಳಿಂದ ದುಡಿಯಲು ಗುಳೆ ಹೋದ ಮಕ್ಕಳ ಕುಶಲವು ಮನೆಯವರಿಗೆ ಮುಟ್ಟುವುದು ಫೋನಿನ ಮೂಲಕವೇ. 'ಯವ್ವಾ' ಎಂಬ ಒಂದೇ ಕರೆಯಿಂದ ತಾಯಿ ಮಗನನ್ನು ಗುರುತಿಸುತ್ತಾಳೆ. ಈ ವಿದ್ಯೆಯನ್ನು ಇಂದು ಯಂತ್ರವೂ ಕಲಿತಿದೆ.

ನ್ಯೂರಲ್ ನೆಟ್‌ವರ್ಕ್ ಎಂಬ ಗಣಕ ವ್ಯವಸ್ಥೆಯು ಧ್ವನಿಯನ್ನು ಸಂಖ್ಯೆಗಳ ಸರಣಿಯಾಗಿ ಮಾರ್ಪಡಿಸುತ್ತದೆ. 2018ರ 'ಎಕ್ಸ್-ವೆಕ್ಟರ್' ವಿಧಾನದಲ್ಲಿ ಅವು 512. ಒಬ್ಬನ ಮಾತಿನ ಸರಣಿಗಳು ಪರಸ್ಪರ ಸಮೀಪವಾಗಿಯೂ ಬೇರೆಯವರವು ದೂರವಾಗಿಯೂ ಇರುವಂತೆ ಅದನ್ನು ಪಳಗಿಸಲಾಗುತ್ತದೆ. ಗದ್ದಲ, ಪ್ರತಿಧ್ವನಿಗಳನ್ನು ಬೇಕೆಂದೇ ಬೆರೆಸಿ ಕಲಿಸಿದಾಗ ಫಲಿತಾಂಶವು ಸುಧಾರಿಸಿತು. ಆದರೆ 2017ರ 'ವಾಕ್ಸ್‌ಸೆಲೆಬ್' ಸಂಗ್ರಹದ 1,251 ಧ್ವನಿಗಳು ಪ್ರಸಿದ್ಧ ವ್ಯಕ್ತಿಗಳವು. ಹೊಲದ ಬದುವಿನಲ್ಲಿ ನಿಂತು ಮಾತನಾಡುವ ರೈತನವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ವಾಣಿ' ಯೋಜನೆಯು ಜಿಲ್ಲೆ ಜಿಲ್ಲೆಗಳ ಆಡುಮಾತನ್ನು ಸಂಗ್ರಹಿಸಲು ಕೈಹಾಕಿರುವುದು ಆದ್ದರಿಂದಲೇ ಸ್ವಾಗತಾರ್ಹ.

ಇನ್ನೊಂದು ಮಗ್ಗುಲನ್ನೂ ನಾವು ಗಮನಿಸಬೇಕು. ಕೆಲವೇ ಕ್ಷಣಗಳ ಮುದ್ರಣದಿಂದ ಅನ್ಯರ ಧ್ವನಿಯನ್ನು ನಕಲು ಮಾಡುವ ಯಂತ್ರಗಳೂ ಬಂದಿವೆ. ಅವು ತಾಯಿಯ ಕಿವಿಯನ್ನೂ ವಂಚಿಸಬಲ್ಲವು. "ಅಪಘಾತವಾಗಿದೆ, ಬೇಗ ಹಣ ಕಳಿಸು" ಎಂಬ ಕರೆ ಬಂದರೆ ಗಾಬರಿಗೊಳ್ಳದೆ ಅದನ್ನು ನಿಲ್ಲಿಸಿ, ಮಗನ ಪರಿಚಿತ ಸಂಖ್ಯೆಗೆ ತಾವೇ ಕರೆ ಮಾಡಬೇಕು. ಮನೆಯವರಿಗಷ್ಟೇ ತಿಳಿದ ಮಾತೊಂದನ್ನು ಕೇಳಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ದೂರು ನೀಡಬೇಕು.

ಧ್ವನಿಯು ಗುರುತಾಗಬಹುದು, ಅದೊಂದೇ ಸಾಕ್ಷಿಯಾಗಲಾರದು. ಕಾಯಕದ ಗಳಿಕೆಯನ್ನು ಕಾಯ್ದುಕೊಳ್ಳುವುದೂ ಕುಟುಂಬದ ಹೊಣೆಯೆಂದು ನಾವು ಭಾವಿಸುತ್ತೇವೆ. ಈ ಮಾತನ್ನು ಮನೆಯ ಹಿರಿಯರಿಗೆ ಇಂದೇ ತಿಳಿಸಿರಿ.