ಹಬ್ಬದ ದಿನ ಬಾಗಿಲು ತಟ್ಟುವವರು ಯಾರು?

2020ರ ಮಾರ್ಚ್ 25ರಂದು ಯುಗಾದಿ. 21 ದಿನಗಳ ದೇಶವ್ಯಾಪಿ ಲಾಕ್‌ಡೌನ್ ಆರಂಭವಾದದ್ದೂ ಅಂದೇ. ಮುಂಬಯಿಯ ಜೀವನಾಡಿಯಾದ ಲೋಕಲ್ ರೈಲುಗಳು ಅದಕ್ಕೂ ಮೊದಲೇ ನಿಂತಿದ್ದವು. ಡೊಂಬಿವಲಿಯ ಅಕ್ಕನ ಮನೆಗೆ ಹೋಳಿಗೆ ಊಟಕ್ಕೆ ಹೋಗುವುದಿರಲಿ, ಬೇವಿನ ನಾಲ್ಕು ಎಸಳು ತರಲು ಕಟ್ಟಡದ ಕೆಳಗಿಳಿಯುವುದಕ್ಕೂ ಜನ ಹೆದರಿದರು. ಕರಾವಳಿಯವರ ಬಿಸು ಹಬ್ಬ ಏಪ್ರಿಲ್ 14ಕ್ಕೆ ಬಂದಾಗ, ಅಂದು ಬೆಳಿಗ್ಗೆಯೇ ಲಾಕ್‌ಡೌನನ್ನು ಮೇ 3ರವರೆಗೆ ವಿಸ್ತರಿಸಲಾಯಿತು. 2021ರ ಏಪ್ರಿಲ್ 13ರ ಯುಗಾದಿಯ ಸಂಜೆ ಮಹಾರಾಷ್ಟ್ರದಲ್ಲಿ ಮತ್ತೆ ಕಠಿಣ ನಿರ್ಬಂಧಗಳ ಘೋಷಣೆಯಾಯಿತು.

ಮನೆ ತುಂಬ ಜನರಿದ್ದವರು ಆ ಹಬ್ಬಗಳನ್ನು ಹೇಗೋ ಕಳೆದರು. ಒಬ್ಬಂಟಿಗಳ ಪಾಡೇನು? ಮಕ್ಕಳು ಬೆಂಗಳೂರಿನಲ್ಲೋ ಪರದೇಶದಲ್ಲೋ ಇದ್ದು, ಇಲ್ಲಿ ಒಂಟಿಯಾಗಿ ಉಳಿದ ವಯಸ್ಸಾದ ತಾಯಂದಿರು, ಬಾಗಿಲು ಹಾಕಿದ ಹೋಟೆಲಿನ ಮೇಲಿನ ರೂಮಿನಲ್ಲಿ ಉಳಿದ ಕಾರ್ಮಿಕರು, ಪೇಯಿಂಗ್ ಗೆಸ್ಟ್ ಕೋಣೆಯ ತರುಣ ತರುಣಿಯರು. ಒಬ್ಬರಿಗಾಗಿ ಹೂರಣ ಯಾರು ಅರೆಯುತ್ತಾರೆ? ಅನ್ನ ಸಾರಿನಲ್ಲೇ ಹಬ್ಬ ಮುಗಿಯಿತು.

ಆ ಕಾಲದಲ್ಲಿ ನಮ್ಮ ಸಂಘ ಸಂಸ್ಥೆಗಳು ಸುಮ್ಮನೆ ಕುಳಿತಿರಲಿಲ್ಲ. ಅಕ್ಕಿ, ಬೇಳೆ, ಎಣ್ಣೆಯ ಕಿಟ್‌ಗಳನ್ನು ಹಂಚಿದ ಪದಾಧಿಕಾರಿಗಳ ಸೇವೆ ಶ್ಲಾಘನೀಯ. ಆದರೆ ಕಿಟ್ ಹಸಿದವರನ್ನು ತಲುಪಿತೇ ಹೊರತು ಒಂಟಿಯಾದವರನ್ನಲ್ಲ. ಪಿಂಚಣಿ ಬರುವ, ಡಬ್ಬದಲ್ಲಿ ಅಕ್ಕಿಯಿರುವ ಹಿರಿಯರು ಕಿಟ್‌ಗಾಗಿ ಸಾಲಿನಲ್ಲಿ ನಿಲ್ಲುವುದಿಲ್ಲ. ತಮಗೆ ಬೇಸರವಾಗಿದೆ ಎಂದು ಬಾಯಿಬಿಟ್ಟು ಹೇಳುವವರೂ ಅಲ್ಲ.

ಲಾಕ್‌ಡೌನ್ ಮುಗಿಯಿತು, ರೈಲು ಓಡಿತು, ಸಭಾಗೃಹಗಳು ಮತ್ತೆ ತುಂಬಿದವು. ಆದರೆ ಎಲ್ಲರಿಗೂ ಆ ಎರಡು ವರ್ಷ ಬಂದ ಕಷ್ಟ ಈ ಕೆಲವರಿಗೆ ಪ್ರತಿವರ್ಷದ್ದು. ಮಂಡಿನೋವಿನವರಿಗೆ ಲಿಫ್ಟಿಲ್ಲದ ನಾಲ್ಕನೇ ಮಾಳಿಗೆಯೇ ಲಾಕ್‌ಡೌನ್. ಯುಗಾದಿ ಕಾರ್ಯಕ್ರಮದ ಆಮಂತ್ರಣ ಪತ್ರಿಕೆ ಅವರ ಮನೆಗೂ ಹೋಗುತ್ತದೆ. ಬಾರದಿದ್ದುದೇಕೆ ಎಂದು ಕೇಳುವವರಿಲ್ಲ.

ಇದಕ್ಕೆ ದೊಡ್ಡ ನಿಧಿ ಬೇಕಿಲ್ಲ. ಬ್ಯಾಂಕಿನ ಖಾತೆಗೆ ನಾಮಿನಿ ಯಾರೆಂದು ಕೇಳುವಂತೆ, ಸಂಘದ ಸದಸ್ಯತ್ವದ ಅರ್ಜಿಯಲ್ಲಿ ಎರಡು ಕಾಲಂ ಸೇರಿಸಿದರೆ ಸಾಕು: ಮನೆಯಲ್ಲಿ ಜೊತೆಗೆ ಯಾರಿದ್ದಾರೆ? ಅಗತ್ಯ ಬಿದ್ದರೆ ಈ ನಗರದಲ್ಲಿ ಯಾರಿಗೆ ತಿಳಿಸಬೇಕು? ಒಬ್ಬರೇ ಇರುವವರ ಪಟ್ಟಿಯನ್ನು ಮಹಿಳಾ ವಿಭಾಗ ಮತ್ತು ಯುವ ವಿಭಾಗದವರು ಬಡಾವಣೆವಾರು ಹಂಚಿಕೊಳ್ಳಲಿ. ಹಬ್ಬದ ಮುನ್ನಾದಿನ ಒಂದು ಫೋನು, ಹಬ್ಬದ ಮಧ್ಯಾಹ್ನ ಹತ್ತಿರದ ಒಂದು ಮನೆಯಲ್ಲಿ ಊಟ. ಬರಲಾಗದವರ ಮನೆಗೆ ಬೇವು ಬೆಲ್ಲ ತೆಗೆದುಕೊಂಡು ಹೋಗಿ ಅರ್ಧ ಗಂಟೆ ಕುಳಿತು ಬರಲಿ. ಏಕಾಂತವನ್ನೇ ಬಯಸುವವರೂ ಇರುತ್ತಾರೆ, ಅಂಥವರನ್ನು ಒತ್ತಾಯಿಸಬಾರದು. ಆದರೆ ಕೇಳದೆ ಬಿಟ್ಟುಬಿಡುವುದು ಬೇರೆ, ಕೇಳಿದ ಮೇಲೆ ಬಿಡುವುದು ಬೇರೆ.

ಒಂದು ಮಾತು ಮಾತ್ರ ನೆನಪಿರಲಿ. ಇದು ನೆರವು ವಿತರಣೆ ಅಲ್ಲ. ಶಾಲು, ಹಾರ, ಬ್ಯಾನರ್ ಬೇಡ. ಪತ್ರಿಕೆಗೆ ಕಳುಹಿಸಲು ಫೋಟೊವಂತೂ ಬೇಡವೇ ಬೇಡ. ಊರಿನಲ್ಲಿ ಹಬ್ಬದ ದಿನ ನೆರೆಮನೆಯವರು ಬಂದು "ಊಟ ಆಯಿತೇ?" ಎಂದು ಕೇಳುತ್ತಿದ್ದರಲ್ಲ, ಅಷ್ಟೇ. ಸಾವಿರ ಜನರನ್ನು ಸಭಾಗೃಹದಲ್ಲಿ ಸೇರಿಸಬಲ್ಲ ನಮ್ಮ ಸಂಘಗಳಿಗೆ ಹತ್ತು ಮನೆಗಳ ಬಾಗಿಲು ತಟ್ಟುವುದು ಕಷ್ಟವೇ? ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಪದಾಧಿಕಾರಿಗಳು ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಲಿ.